ದೂರದಿಂದಲೇ ಮನಸ್ಸಿನ ಆರೈಕೆ: ಉಳಿತಾಯ ಯಾರ ಲೆಕ್ಕದಲ್ಲಿ?

ಬೆಂಗಳೂರು: ತೀವ್ರ ಮಾನಸಿಕ ಕಾಯಿಲೆಯಿಂದ ಬಳಲುವ ವ್ಯಕ್ತಿ ಸಾಮಾನ್ಯವಾಗಿ ಒಂಟಿಯಾಗಿ ಆಸ್ಪತ್ರೆಗೆ ಬರುವುದಿಲ್ಲ. ಜತೆಯಲ್ಲಿ ತಾಯಿಯೋ, ತಮ್ಮನೋ, ಮಗನೋ ಇರಲೇಬೇಕಾಗುತ್ತದೆ. ಹಳ್ಳಿಯಿಂದ ನಗರಕ್ಕೆ ಎರಡು ಟಿಕೆಟ್ಟು, ಇಬ್ಬರ ಕೂಲಿ ನಷ್ಟ, ಊಟ-ತಿಂಡಿ, ಕೆಲವೊಮ್ಮೆ ರಾತ್ರಿ ತಂಗುವ ಖರ್ಚು. ಇಷ್ಟೆಲ್ಲ ಆದ ಮೇಲೆ ವೈದ್ಯರ ಎದುರು ಕುಳಿತುಕೊಳ್ಳಲು ಸಿಗುವುದು ಕೆಲವೇ ನಿಮಿಷ. ಚಿಕಿತ್ಸೆ ಉಚಿತವಾಗಿದ್ದರೂ ಆಸ್ಪತ್ರೆಗೆ ಹೋಗಿಬರುವುದು ಉಚಿತವಲ್ಲ.

ಹೀಗೆ ಹೋಗಿಬರುವುದನ್ನೇ ತಪ್ಪಿಸಿ, ದೂರವಾಣಿ ಅಥವಾ ವಿಡಿಯೊ ಮೂಲಕ ಮಾನಸಿಕ ಆರೋಗ್ಯ ಸೇವೆಯನ್ನು ಮನೆಯ ಸಮೀಪಕ್ಕೆ ಒಯ್ಯಬೇಕೆಂಬ ಆಲೋಚನೆ ಹೊಸದೇನಲ್ಲ. ಕೋವಿಡ್ ಕಾಲದ ನಂತರ ಅದಕ್ಕೆ ವೇಗ ದೊರೆಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಕೇಂದ್ರ ಸರ್ಕಾರ 'ಟೆಲಿ-ಮಾನಸ್' ಸಹಾಯವಾಣಿಯನ್ನು ದೇಶದಾದ್ಯಂತ ಆರಂಭಿಸಿತು. ಇದಕ್ಕೆ ಮುಖ್ಯ ಕೇಂದ್ರವಾಗಿರುವುದು ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ನೆರವು ನೀಡುತ್ತಿರುವುದೂ ಇದೇ ನಗರದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ.

ದೂರದಿಂದ ನೀಡುವ ಸೇವೆ ಅಗ್ಗ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಗ್ಗ ಎಂದರೆ ಯಾರಿಗೆ ಅಗ್ಗ? ಸರ್ಕಾರದ ಬೊಕ್ಕಸಕ್ಕೋ, ಆಸ್ಪತ್ರೆಗೋ, ರೋಗಿಯ ಕುಟುಂಬಕ್ಕೋ? ಅಗ್ಗವಾದ ಸೇವೆಯಿಂದ ಕಾಯಿಲೆ ಗುಣವಾಗುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕದೆ ವೆಚ್ಚದ ಬಗ್ಗೆ ಮಾತನಾಡಿದರೆ ಅದು ಅರ್ಧ ಲೆಕ್ಕವಾದೀತು.

ಕೊರತೆಯ ಚಿತ್ರ

ಮೊದಲು ಸಮಸ್ಯೆಯ ಗಾತ್ರವನ್ನು ನೋಡಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಆ ವೇಳೆಯಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು ಎಂಬುದು ಅದರ ಅಂದಾಜು. ಕಾಯಿಲೆಯ ಬಗೆಯನ್ನು ಅನುಸರಿಸಿ ಶೇ 70ರಿಂದ ಶೇ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಚಿಕಿತ್ಸೆ ಪಡೆಯುತ್ತಿದ್ದ ಕುಟುಂಬಗಳು ತಿಂಗಳಿಗೆ ಸುಮಾರು 1,000ದಿಂದ 1,500 ರೂಪಾಯಿಯನ್ನು ಮುಖ್ಯವಾಗಿ ಔಷಧೋಪಚಾರ ಮತ್ತು ಪ್ರಯಾಣಕ್ಕಾಗಿ ವ್ಯಯಿಸುತ್ತಿದ್ದವು ಎಂದೂ ಸಮೀಕ್ಷೆ ತಿಳಿಸಿದೆ. ದಿನಗೂಲಿಯನ್ನೇ ನಂಬಿರುವ ಮನೆಗೆ ಇದು ಸಣ್ಣ ಹೊರೆಯಲ್ಲ.

ಇನ್ನೊಂದೆಡೆ ವೈದ್ಯರ ಕೊರತೆ. ದೇಶದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಸರಾಸರಿ 0.75ರಷ್ಟು ಮಾತ್ರ ಮನೋವೈದ್ಯರಿದ್ದಾರೆ ಎಂದು 2019ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಲಕ್ಷಕ್ಕೆ ಮೂವರಾದರೂ ಇರಬೇಕೆಂಬುದು ತಜ್ಞರ ಅಪೇಕ್ಷೆ. ಇರುವ ಮನೋವೈದ್ಯರಲ್ಲಿ ಹೆಚ್ಚಿನವರು ನೆಲೆಸಿರುವುದು ನಗರಗಳಲ್ಲಿ. ಒಬ್ಬ ಮನೋವೈದ್ಯ ತಯಾರಾಗಲು ಎಂ.ಬಿ.ಬಿ.ಎಸ್. ಸೇರಿದಂತೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಬೇಕು. ಹೀಗಾಗಿ ಇರುವ ತಜ್ಞರ ಸಮಯವನ್ನು ದೂರದ ಊರುಗಳಿಗೆ ತಲುಪಿಸುವ ದಾರಿ ಹುಡುಕುವುದು ಅನಿವಾರ್ಯವಾಗಿದೆ.

ಲೆಕ್ಕ ಹಾಕುವ ಬಗೆ

ಆರೋಗ್ಯ ಅರ್ಥಶಾಸ್ತ್ರದಲ್ಲಿ ಒಂದು ಸೇವೆ 'ಅಗ್ಗ' ಎನ್ನುವುದಕ್ಕೂ 'ವೆಚ್ಚಕ್ಕೆ ತಕ್ಕ ಫಲ ನೀಡುವಂಥದ್ದು' ಎನ್ನುವುದಕ್ಕೂ ವ್ಯತ್ಯಾಸವಿದೆ. ಹತ್ತು ರೂಪಾಯಿಯ ಸೇವೆಯಿಂದ ಯಾರಿಗೂ ಗುಣವಾಗದಿದ್ದರೆ ಅದು ಅಗ್ಗವಾದರೂ ಹಣ ಪೋಲು. ಸಾವಿರ ರೂಪಾಯಿಯ ಸೇವೆ ಒಬ್ಬ ವ್ಯಕ್ತಿಯನ್ನು ಮತ್ತೆ ದುಡಿಮೆಗೆ ಮರಳಿಸಿದರೆ ಅದು ದುಬಾರಿಯಲ್ಲ. ಆದ್ದರಿಂದ ಹೊಸ ಪದ್ಧತಿಗೆ ತಗಲುವ ಹೆಚ್ಚುವರಿ ಖರ್ಚನ್ನು ಅದರಿಂದ ದೊರೆಯುವ ಹೆಚ್ಚುವರಿ ಪ್ರಯೋಜನದಿಂದ ಭಾಗಿಸಿ, ಹಳೆಯ ಪದ್ಧತಿಯೊಂದಿಗೆ ಹೋಲಿಸಲಾಗುತ್ತದೆ.

ಪ್ರಯೋಜನವನ್ನು ಅಳೆಯಲು 'ಗುಣಮಟ್ಟ ಹೊಂದಿಸಿದ ಜೀವನವರ್ಷ' ಎಂಬ ಮಾಪನವನ್ನು ಬಳಸುತ್ತಾರೆ. ಪೂರ್ಣ ಆರೋಗ್ಯದಿಂದ ಬದುಕಿದ ಒಂದು ವರ್ಷಕ್ಕೆ ಒಂದು ಅಂಕ. ಖಿನ್ನತೆಯಿಂದ ಹಾಸಿಗೆ ಹಿಡಿದು ಕಳೆದ ವರ್ಷಕ್ಕೆ ಅದಕ್ಕಿಂತ ಕಡಿಮೆ ಅಂಕ. ಚಿಕಿತ್ಸೆಯ ನಂತರ ಅಂಕ ಎಷ್ಟು ಏರಿತು, ಅದಕ್ಕೆ ಎಷ್ಟು ಹಣ ತಗಲಿತು ಎಂಬುದೇ ಲೆಕ್ಕ. ಇಂಥ ಒಂದು ವರ್ಷಕ್ಕೆ 20 ಸಾವಿರದಿಂದ 30 ಸಾವಿರ ಪೌಂಡ್‌ವರೆಗಿನ ಖರ್ಚನ್ನು ಬ್ರಿಟನ್‌ನ ಪರಿಶೀಲನಾ ಸಂಸ್ಥೆ ನೈಸ್ ಬಹುಕಾಲ ಸಮಂಜಸವೆಂದು ಪರಿಗಣಿಸುತ್ತ ಬಂದಿತ್ತು.

ಅದಕ್ಕಿಂತಲೂ ಮುಖ್ಯವಾದುದು ಲೆಕ್ಕವನ್ನು ಯಾರ ದೃಷ್ಟಿಯಿಂದ ಬರೆಯಲಾಗುತ್ತಿದೆ ಎಂಬುದು. ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಕುಟುಂಬ ತಿಂಗಳಿಗೊಮ್ಮೆ ನಗರದ ಆಸ್ಪತ್ರೆಗೆ ಬರುತ್ತದೆ ಎಂದುಕೊಳ್ಳೋಣ. ಇಬ್ಬರ ಬಸ್ ಪ್ರಯಾಣಕ್ಕೆ 600 ರೂಪಾಯಿ, ಕೂಲಿ ನಷ್ಟ 800, ಊಟಕ್ಕೆ 200. ಒಟ್ಟು 1,600. ವರ್ಷಕ್ಕೆ 19,200 ರೂಪಾಯಿ. ಹನ್ನೆರಡು ಭೇಟಿಗಳಲ್ಲಿ ಒಂಬತ್ತು ಭೇಟಿಗಳು ತಾಲ್ಲೂಕು ಆಸ್ಪತ್ರೆಯಿಂದಲೇ ವಿಡಿಯೊ ಮೂಲಕ ನಡೆದು, ಪ್ರತಿ ಸಲಕ್ಕೆ 500 ರೂಪಾಯಿ ಸಾಕಾದರೆ ಕುಟುಂಬದ ವಾರ್ಷಿಕ ಖರ್ಚು 9,300ಕ್ಕೆ ಇಳಿಯುತ್ತದೆ. ಉಳಿತಾಯ 9,900 ರೂಪಾಯಿ.

ಈಗ ಸರ್ಕಾರದ ಪುಸ್ತಕವನ್ನು ತೆರೆಯಬೇಕು. ವಿಡಿಯೊ ಉಪಕರಣ, ಸಂಪರ್ಕ, ಸಿಬ್ಬಂದಿಗೆಂದು ಪ್ರತಿ ಭೇಟಿಗೆ 300 ರೂಪಾಯಿ ಹೆಚ್ಚುವರಿ ತಗಲಿದರೆ ವರ್ಷಕ್ಕೆ 2,700 ರೂಪಾಯಿ. ಸರ್ಕಾರದ ಪುಸ್ತಕದಲ್ಲಿ ಇದು ಶುದ್ಧ ಹೆಚ್ಚುವರಿ ವೆಚ್ಚ. ಎರಡನ್ನೂ ಕೂಡಿಸಿ ನೋಡಿದರೆ ಸಮಾಜಕ್ಕೆ 7,200 ರೂಪಾಯಿ ಲಾಭ. ಒಂದೇ ಯೋಜನೆ ಒಂದು ಪುಸ್ತಕದಲ್ಲಿ ನಷ್ಟವಾಗಿಯೂ ಇನ್ನೊಂದರಲ್ಲಿ ಲಾಭವಾಗಿಯೂ ಕಾಣುವುದು ಹೀಗೆ. ರೋಗಿಯ ಬಸ್ ಟಿಕೆಟ್ಟು ಯಾವ ಇಲಾಖೆಯ ಆಯವ್ಯಯದಲ್ಲೂ ಇಲ್ಲದಿರುವುದರಿಂದ ಅದರ ಉಳಿತಾಯವೂ ಯಾರ ಗಮನಕ್ಕೂ ಬರುವುದಿಲ್ಲ.

ಚಿಕಿತ್ಸೆ ಇಲ್ಲದಿದ್ದರೆ ಖರ್ಚಿಲ್ಲವೇ?

ಚಿಕಿತ್ಸೆ ದೊರೆಯದ ಕುಟುಂಬಕ್ಕೆ ಖರ್ಚೇ ಇಲ್ಲ ಎಂದು ಭಾವಿಸುವುದು ತಪ್ಪು. ಈ ಬಗ್ಗೆ ಮಹತ್ವದ ಅಧ್ಯಯನವೊಂದು ನಡೆದಿರುವುದು ಕರ್ನಾಟಕದ ಹಳ್ಳಿಗಳಲ್ಲಿಯೇ. ಚಿಕಿತ್ಸೆಯನ್ನೇ ಕಾಣದಿದ್ದ 100 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಅವರಿಗೆ ಔಷಧ ಮತ್ತು ಮಾನಸಿಕ-ಸಾಮಾಜಿಕ ಬೆಂಬಲ ನೀಡಿ, ಮೂರು ತಿಂಗಳಿಗೊಮ್ಮೆಯಂತೆ ಒಂದೂವರೆ ವರ್ಷ ಪರಿಶೀಲಿಸಲಾಯಿತು. ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರ ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು.

ರೋಗಲಕ್ಷಣ, ಅಸಾಮರ್ಥ್ಯ ಹಾಗೂ ಕುಟುಂಬದ ಮೇಲಿನ ಹೊರೆ, ಮೂರೂ ಗಣನೀಯವಾಗಿ ಇಳಿದವು. ಅಷ್ಟೇ ಅಲ್ಲ, ಪಾರಂಪರಿಕ ಚಿಕಿತ್ಸಕರು ಮೊದಲಾದವರ ಬಳಿಗೆ ಅಲೆಯುವ ಖರ್ಚು ಮತ್ತು ರೋಗಿಯನ್ನು ನೋಡಿಕೊಳ್ಳಲು ಮನೆಯವರು ವ್ಯಯಿಸುತ್ತಿದ್ದ ಸಮಯದ ಬೆಲೆ ಕಡಿಮೆಯಾಗಿ, ಚಿಕಿತ್ಸೆಗೆ ತಗಲಿದ ವೆಚ್ಚವನ್ನು ಸರಿದೂಗಿಸಿದವು. ಕಾವಲು ಕೂರುತ್ತಿದ್ದ ತಾಯಿ ಹೊಲಕ್ಕೆ ಹೋಗುವಂತಾದರೆ ಅದೂ ಒಂದು ಆದಾಯವೇ ಎಂಬುದನ್ನು ಈ ಲೆಕ್ಕ ತೋರಿಸಿಕೊಟ್ಟಿತು.

ಜಾಗತಿಕ ಮಟ್ಟದಲ್ಲೂ ಇಂಥದೇ ತೀರ್ಮಾನ ಹೊರಬಿದ್ದಿದೆ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ 36 ದೇಶಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಂದಾಜಿನಂತೆ, ಖಿನ್ನತೆ ಮತ್ತು ಆತಂಕದ ಚಿಕಿತ್ಸೆಯನ್ನು ವಿಸ್ತರಿಸಲು ಹೂಡುವ ಒಂದು ಡಾಲರಿಗೆ ಆರೋಗ್ಯ ಮತ್ತು ದುಡಿಯುವ ಸಾಮರ್ಥ್ಯದ ರೂಪದಲ್ಲಿ ನಾಲ್ಕು ಡಾಲರಿನ ಪ್ರತಿಫಲ ದೊರೆಯುತ್ತದೆ. ಈ ಎರಡು ಕಾಯಿಲೆಗಳಿಂದ ಜಗತ್ತಿನ ಅರ್ಥವ್ಯವಸ್ಥೆಗೆ ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರಿನಷ್ಟು ಹಾನಿಯಾಗುತ್ತದೆ ಎಂಬುದೂ ಅದೇ ಅಂದಾಜಿನ ಭಾಗ.

ಬಳ್ಳಾರಿಯಿಂದ ಟೆಲಿ-ಮಾನಸ್‌ವರೆಗೆ

ತಜ್ಞರನ್ನು ಹಳ್ಳಿಗೆ ಕಳುಹಿಸಲಾಗದಿದ್ದರೆ ತಜ್ಞತೆಯನ್ನು ಕಳುಹಿಸಬೇಕೆಂಬ ಪ್ರಯತ್ನ ರಾಜ್ಯದಲ್ಲಿ ಆರಂಭವಾದದ್ದು ದೂರವಾಣಿಯೇ ಅಪರೂಪವಾಗಿದ್ದ ದಿನಗಳಲ್ಲಿ. 1970ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ವಿಭಾಗ ಈ ಕೆಲಸಕ್ಕೆ ಕೈಹಾಕಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದ ನಂತರ, ಅದನ್ನು ಜಿಲ್ಲಾ ಮಟ್ಟದಲ್ಲಿ ಪರೀಕ್ಷಿಸಲು ಆಯ್ಕೆಯಾದ ಜಿಲ್ಲೆ ಬಳ್ಳಾರಿ.

1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ನಡೆದ ಪ್ರಯೋಗ ಸರಳವಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ಅಗತ್ಯ ಔಷಧಗಳ ಪೂರೈಕೆ, ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯ ಘಟಕ, ಸರಳ ದಾಖಲೆ ಪುಸ್ತಕ. ಇದೇ 'ಬಳ್ಳಾರಿ ಮಾದರಿ'ಯನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಇತರೆಡೆಗೂ ಹಬ್ಬಿತು. ಇಂದು ಅದು 767 ಜಿಲ್ಲೆಗಳಿಗೆ ಮಂಜೂರಾಗಿದೆ. ಮುಂದೆ ಕರ್ನಾಟಕ ಸರ್ಕಾರ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸುವ 'ಮನೋಚೈತನ್ಯ' ಕಾರ್ಯಕ್ರಮವನ್ನೂ ಆರಂಭಿಸಿತು.

ಟೆಲಿ-ಮಾನಸ್ ಈ ಸರಣಿಯ ಇತ್ತೀಚಿನ ಕೊಂಡಿ. 2022ರ ಫೆಬ್ರವರಿ 1ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಎರಡು ಹಂತಗಳಿವೆ. 14416 ಸಂಖ್ಯೆಗೆ ಕರೆ ಮಾಡಿದಾಗ ಮೊದಲ ಹಂತದಲ್ಲಿ ರಾಜ್ಯ ಘಟಕದ ತರಬೇತಾದ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವೆನಿಸಿದರೆ ಘಟಕದ ತಜ್ಞರಿಗೆ ಕರೆ ವರ್ಗಾವಣೆಯಾಗುತ್ತದೆ. ಎರಡನೆಯ ಹಂತದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ವೈದ್ಯಕೀಯ ಕಾಲೇಜು ಅಥವಾ 'ಇ-ಸಂಜೀವಿನಿ' ವ್ಯವಸ್ಥೆಗೆ ಕಳುಹಿಸಲಾಗುತ್ತದೆ. ಸೇವೆ ದಿನದ 24 ಗಂಟೆಯೂ ಲಭ್ಯ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಮಾತನಾಡಬಹುದು. 2024ರ ಅಕ್ಟೋಬರಿನಲ್ಲಿ ಮೊಬೈಲ್ ಆ್ಯಪ್ ಹಾಗೂ ವಿಡಿಯೊ ಸಮಾಲೋಚನೆಯೂ ಸೇರ್ಪಡೆಯಾದವು. ವಿಡಿಯೊ ಸೌಲಭ್ಯ ಮೊದಲು ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಒಂದು ಕರೆಗೆ ಎಷ್ಟು?

ಸಂಸತ್ತಿಗೆ ಸರ್ಕಾರ ನೀಡಿದ ಮಾಹಿತಿಯಂತೆ ಈ ಕಾರ್ಯಕ್ರಮಕ್ಕೆ 2022-23ರಲ್ಲಿ 120.98 ಕೋಟಿ, 2023-24ರಲ್ಲಿ 133.73 ಕೋಟಿ ಹಾಗೂ 2024-25ರಲ್ಲಿ 90 ಕೋಟಿ ರೂಪಾಯಿ ಹಂಚಿಕೆಯಾಗಿದೆ. ಮೂರು ವರ್ಷಕ್ಕೆ ಒಟ್ಟು 344.71 ಕೋಟಿ. 2025ರ ಫೆಬ್ರವರಿ ವೇಳೆಗೆ ದೇಶದಲ್ಲಿ 53 ಘಟಕಗಳು ಸ್ಥಾಪನೆಯಾಗಿ, 18 ಲಕ್ಷಕ್ಕೂ ಹೆಚ್ಚು ಕರೆಗಳನ್ನು ಸ್ವೀಕರಿಸಲಾಗಿತ್ತು.

ಹಂಚಿಕೆಯ ಮೊತ್ತವನ್ನು ಕರೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕರೆಗೆ ಸುಮಾರು 1,900 ರೂಪಾಯಿ ಬರುತ್ತದೆ. ಇಷ್ಟು ಹಣಕ್ಕೆ ಖಾಸಗಿ ಮನೋವೈದ್ಯರನ್ನೇ ಕಾಣಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಈ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ. ಹಂಚಿಕೆಯಾದ ಹಣವೆಲ್ಲ ಖರ್ಚಾಗಿದೆ ಎಂದಲ್ಲ. ಘಟಕಗಳನ್ನು ಕಟ್ಟುವ, ಸಿಬ್ಬಂದಿಗೆ ತರಬೇತಿ ನೀಡುವ, ತಂತ್ರಾಂಶ ರೂಪಿಸುವ ಆರಂಭಿಕ ವೆಚ್ಚವೂ ಇದರಲ್ಲಿ ಸೇರಿದೆ. ಬಾವಿ ತೋಡಿದ ಖರ್ಚನ್ನು ಮೊದಲ ವರ್ಷದ ಕೊಡಗಳ ಮೇಲೆ ಹೇರಿದರೆ ನೀರು ದುಬಾರಿಯಾಗಿಯೇ ಕಾಣುತ್ತದೆ.

ದೂರಸೇವೆಯ ವೆಚ್ಚದ ಸ್ವಭಾವವೇ ಅಂಥದ್ದು. ಸ್ಥಿರ ವೆಚ್ಚ ಹೆಚ್ಚು, ಪ್ರತಿ ಹೊಸ ಕರೆಗೆ ತಗಲುವ ವೆಚ್ಚ ಕಡಿಮೆ. ದಿನವಿಡೀ ಕುಳಿತ ಸಮಾಲೋಚಕರಿಗೆ ಎರಡು ಕರೆ ಬಂದರೂ ಸಂಬಳ ಅಷ್ಟೇ, ಇಪ್ಪತ್ತು ಬಂದರೂ ಅಷ್ಟೇ. ಆದ್ದರಿಂದ ಸಹಾಯವಾಣಿಯ ಸಂಖ್ಯೆ ಎಷ್ಟು ಜನರಿಗೆ ತಿಳಿದಿದೆ ಎಂಬುದು ಪ್ರಚಾರದ ವಿಷಯ ಮಾತ್ರವಲ್ಲ, ವೆಚ್ಚದ ವಿಷಯವೂ ಹೌದು.

ಕರೆಗಳ ಸಂಖ್ಯೆಗೆ ಇನ್ನೊಂದು ಮಿತಿಯೂ ಇದೆ. ಕರೆ ಮಾಡಿದವರಲ್ಲಿ ಎಷ್ಟು ಮಂದಿಗೆ ನಿದ್ದೆ ಮರಳಿತು, ಎಷ್ಟು ಮಂದಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಮುಂದುವರಿಸಿದರು ಎಂಬುದನ್ನು ಅದು ಹೇಳುವುದಿಲ್ಲ. ವೆಚ್ಚಕ್ಕೆ ತಕ್ಕ ಫಲ ದೊರೆತಿದೆಯೇ ಎಂದು ತೀರ್ಮಾನಿಸಲು ಬೇಕಾದುದು ಈ ಎರಡನೆಯ ಅಂಕಿಗಳೇ.

ಹೊರದೇಶಗಳ ಅನುಭವ

ಇಂಥ ಅಂಕಿಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿರುವ ದೇಶಗಳಲ್ಲಿ ಬ್ರಿಟನ್ ಒಂದು. ಖಿನ್ನತೆ ಮತ್ತು ಆತಂಕಕ್ಕೆ ಮಾತಿನ ಚಿಕಿತ್ಸೆಯನ್ನು ಎಲ್ಲರಿಗೂ ಒದಗಿಸುವ ಯೋಜನೆಯನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ 2008ರಲ್ಲಿ ಆರಂಭಿಸಿತು. ಯೋಚನೆಯ ಧಾಟಿಯನ್ನೂ ನಡವಳಿಕೆಯನ್ನೂ ಮಾತುಕತೆಯ ಮೂಲಕ ತಿದ್ದುವ ಸಿಬಿಟಿ ಚಿಕಿತ್ಸೆಯನ್ನು ಕೆಲವರಿಗೆ ಎದುರುಬದುರು, ಕೆಲವರಿಗೆ ದೂರವಾಣಿಯಲ್ಲಿ ನೀಡಲಾಯಿತು. ಪೂರ್ವ ಇಂಗ್ಲೆಂಡಿನ 39 ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೂರವಾಣಿ ಚಿಕಿತ್ಸೆಯ ಒಂದು ಭೇಟಿಯ ವೆಚ್ಚ ಶೇ 36.2ರಷ್ಟು ಕಡಿಮೆಯಾಗಿತ್ತು. ಫಲಿತಾಂಶದಲ್ಲಿ ಅದು ಹಿಂದೆ ಬೀಳಲಿಲ್ಲ. ಆದರೆ ಕಾಯಿಲೆ ತೀವ್ರವಾಗಿದ್ದವರಿಗೆ ಎದುರುಬದುರು ಚಿಕಿತ್ಸೆಯೇ ಮೇಲಾಗಿತ್ತು.

ಅದೇ ವರ್ಷ ಅಮೆರಿಕದ ಷಿಕಾಗೊ ಪ್ರದೇಶದ 325 ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವೂ ಹೊರಬಂದಿತು. ಎದುರುಬದುರು ಚಿಕಿತ್ಸೆಗೆ ಸೇರಿದವರಲ್ಲಿ ಶೇ 32.7ರಷ್ಟು ಮಂದಿ ಅರ್ಧಕ್ಕೇ ಬಿಟ್ಟರೆ, ದೂರವಾಣಿ ಗುಂಪಿನಲ್ಲಿ ಬಿಟ್ಟವರು ಶೇ 20.9 ಮಾತ್ರ. ಚಿಕಿತ್ಸೆ ಮುಗಿದಾಗ ಎರಡೂ ಗುಂಪುಗಳು ಸಮನಾಗಿ ಸುಧಾರಿಸಿದ್ದವು. ಆರು ತಿಂಗಳ ನಂತರ ನೋಡಿದಾಗ ಎದುರುಬದುರು ಚಿಕಿತ್ಸೆ ಪಡೆದವರು ತುಸು ಮುಂದಿದ್ದರು. ದೂರವಾಣಿ ಜನರನ್ನು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುತ್ತದೆ, ಆದರೆ ಪರಿಣಾಮ ಬಾಳುವಂತೆ ಮಾಡಲು ನಂತರದ ನಿಗಾವೂ ಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ವಿಶಾಲವಾದ ಕೆನಡಾದಲ್ಲಿ ದೂರ ಎಂಬುದೇ ದೊಡ್ಡ ಸಮಸ್ಯೆ. ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ 495 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಡಿಯೊ ಮೂಲಕ, ಇನ್ನೊಂದಕ್ಕೆ ಖುದ್ದಾಗಿ ಮನೋವೈದ್ಯರ ಸೇವೆ ನೀಡಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗುಣವಾಗುವಿಕೆ ಸಮಾನ. ವಿಡಿಯೊ ಸೇವೆಯ ವೆಚ್ಚ ಒಬ್ಬ ರೋಗಿಗೆ ಶೇ 10ರಷ್ಟು ಕಡಿಮೆ.

ಯಂತ್ರ ಮಾತ್ರ ಸಾಲದು

ಹಾಗಾದರೆ ಮನುಷ್ಯರನ್ನೇ ಬಿಟ್ಟು ಕಂಪ್ಯೂಟರಿನಿಂದಲೇ ಚಿಕಿತ್ಸೆ ನೀಡಿದರೆ ಇನ್ನೂ ಅಗ್ಗವಾಗದೇ? ಈ ಪ್ರಶ್ನೆಗೂ ಉತ್ತರ ಬ್ರಿಟನ್ನಿನಲ್ಲಿ ದೊರೆತಿದೆ. ರೋಗಿ ತಾನೇ ಪಾಠಗಳನ್ನು ಓದಿ ಅಭ್ಯಾಸ ಮಾಡುವ ಕಂಪ್ಯೂಟರ್ ತಂತ್ರಾಂಶವೊಂದನ್ನು ನೈಸ್ ಸಂಸ್ಥೆ 2006ರಲ್ಲಿಯೇ ಶಿಫಾರಸು ಮಾಡಿತ್ತು. ನಂತರ ಇಂಗ್ಲೆಂಡಿನ ಕುಟುಂಬ ವೈದ್ಯರ ಬಳಿಗೆ ಬಂದ 691 ಮಂದಿ ಖಿನ್ನತೆಯ ರೋಗಿಗಳಲ್ಲಿ ಎರಡು ತಂತ್ರಾಂಶಗಳನ್ನು ಪರೀಕ್ಷಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು. ಕುಟುಂಬ ವೈದ್ಯರ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲ. ಪಾಠಗಳನ್ನು ಪೂರ್ತಿಗೊಳಿಸಿದವರೇ ಕಡಿಮೆ. ಬದುಕಿನಲ್ಲಿ ಆಸಕ್ತಿಯನ್ನೇ ಕಳೆದುಕೊಂಡ ವ್ಯಕ್ತಿ ಒಬ್ಬನೇ ಕುಳಿತು ಪಾಠ ಮುಗಿಸಬೇಕೆಂದು ನಿರೀಕ್ಷಿಸುವುದರಲ್ಲೇ ತೊಡಕಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಗೋವಾದಲ್ಲಿದೆ. ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರನ್ನೇ ಸಮಾಲೋಚಕರನ್ನಾಗಿ ತರಬೇತುಗೊಳಿಸಿ ಆರೋಗ್ಯ ಕೇಂದ್ರಗಳಲ್ಲಿ ನಿಯೋಜಿಸಿದ ಪ್ರಯೋಗ ಅದು. 2010ರಲ್ಲಿ ಫಲಿತಾಂಶ, 2012ರಲ್ಲಿ ವೆಚ್ಚದ ವಿಶ್ಲೇಷಣೆ ಪ್ರಕಟವಾದವು. ಸರ್ಕಾರಿ ಕೇಂದ್ರಗಳಲ್ಲಿ ಈ ಪದ್ಧತಿ ಹೆಚ್ಚು ಫಲ ನೀಡಿದ್ದಲ್ಲದೆ ಹಣವನ್ನೂ ಉಳಿಸಿತು. ಖಾಸಗಿ ಚಿಕಿತ್ಸಾಲಯಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದು ದೂರಸೇವೆಯಲ್ಲ. ಆದರೆ ಟೆಲಿ-ಮಾನಸ್ ಮೊದಲ ಹಂತದಲ್ಲಿ ಮನೋವೈದ್ಯರ ಬದಲು ತರಬೇತಾದ ಸಮಾಲೋಚಕರನ್ನು ಕೂರಿಸಿರುವುದರ ಹಿಂದಿನ ತರ್ಕ ಇದೇ. ದುಬಾರಿಯಾದ ತಜ್ಞರ ಸಮಯ ನಿಜವಾಗಿ ಅಗತ್ಯವಿರುವವರಿಗೆ ಮೀಸಲಾಗುತ್ತದೆ.

ಗುಳಿಗೆ ಎಲ್ಲಿ ಸಿಗುತ್ತದೆ?

ಮಾತಿನಿಂದ ಸಮಾಧಾನ ದೊರೆಯುವ ಸಮಸ್ಯೆಗಳಿಗೆ ಫೋನ್ ಸಾಕಾಗಬಹುದು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ಕಾಯಿಲೆಗಳಿಗೆ ಔಷಧ ಬೇಕೇ ಬೇಕು. ವೈದ್ಯರು ವಿಡಿಯೊದಲ್ಲಿ ಸಲಹಾ ಚೀಟಿ ಬರೆದುಕೊಟ್ಟರೂ ಗುಳಿಗೆ ತರಲು ಮತ್ತೆ ಜಿಲ್ಲಾ ಕೇಂದ್ರಕ್ಕೇ ಬಸ್ ಹತ್ತಬೇಕಾದರೆ ಉಳಿತಾಯದ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು.

ಈ ತೊಡಕನ್ನು ಮೊದಲೇ ಮನಗಂಡದ್ದು ಚೆನ್ನೈನ ಸ್ಕಿಜೋಫ್ರೇನಿಯಾ ಸಂಶೋಧನಾ ಪ್ರತಿಷ್ಠಾನ. 2010ರಲ್ಲಿ ಆ ಸಂಸ್ಥೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಂಚಾರಿ ದೂರಮನೋವೈದ್ಯ ಸೇವೆ ಆರಂಭಿಸಿತು. ಬಸ್ಸಿನೊಳಗೆ ಸಮಾಲೋಚನಾ ಕೊಠಡಿ, ಅದರ ಪಕ್ಕದಲ್ಲಿಯೇ ಔಷಧ ಮಳಿಗೆ. ರೋಗಿ ಬಸ್ಸಿನಲ್ಲಿ ಕುಳಿತು ಚೆನ್ನೈನಲ್ಲಿರುವ ಮನೋವೈದ್ಯರೊಂದಿಗೆ ಮಾತನಾಡುತ್ತಾನೆ. ಔಷಧವನ್ನು ಅಲ್ಲಿಯೇ ಉಚಿತವಾಗಿ ಪಡೆದು ಮನೆಗೆ ಮರಳುತ್ತಾನೆ. ವಿಡಿಯೊ ತಂತ್ರಜ್ಞಾನಕ್ಕಿಂತ ಪಕ್ಕದ ಔಷಧ ಮಳಿಗೆಯೇ ಇಲ್ಲಿ ನಿರ್ಣಾಯಕ.

ನಿಮ್ಹಾನ್ಸ್ ಹಿಡಿದ ಇನ್ನೊಂದು ದಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ದೂರದಿಂದ ತರಬೇತಿ ನೀಡುವುದು. ವೈದ್ಯರು ತಮ್ಮ ಹೊರರೋಗಿ ವಿಭಾಗದಲ್ಲಿ ರೋಗಿಯನ್ನು ನೋಡುತ್ತಿರುವಾಗ ಬೆಂಗಳೂರಿನ ಮನೋವೈದ್ಯರು ವಿಡಿಯೊ ಮೂಲಕ ಜತೆಗಿದ್ದು ಮಾರ್ಗದರ್ಶನ ಮಾಡುತ್ತಾರೆ. ವಿಡಿಯೊ ಮೂಲಕ ಒಬ್ಬ ರೋಗಿಯನ್ನು ನೋಡಿದರೆ ಒಬ್ಬರಿಗೆ ಲಾಭ. ಒಬ್ಬ ವೈದ್ಯರಿಗೆ ಕಲಿಸಿದರೆ ಮುಂದೆ ಅವರ ಬಳಿಗೆ ಬರುವ ಎಲ್ಲರಿಗೂ ಲಾಭ.

ಕಾನೂನಿನ ಚೌಕಟ್ಟೂ ಈಗ ಸಿದ್ಧವಾಗಿದೆ. 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯ ಮಾರ್ಗಸೂಚಿ ಫೋನ್ ಮತ್ತು ವಿಡಿಯೊ ಸಮಾಲೋಚನೆಗೆ ಸ್ಪಷ್ಟ ಮನ್ನಣೆ ನೀಡಿತು. ಆದರೆ ಅಭ್ಯಾಸ ಹತ್ತಿಸಬಲ್ಲ ಕೆಲವು ಔಷಧಗಳನ್ನು ದೂರದಿಂದ ಬರೆಯಲು ನಿರ್ಬಂಧವಿದೆ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಸರ್ಕಾರ ನಡೆಸುವ ಅಥವಾ ಅದರ ನೆರವಿನ ಸಂಸ್ಥೆಗಳಿಂದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಆ ಸೇವೆ ಕೈಗೆಟುಕುವ ದರದಲ್ಲಿ, ಕೈಗೆಟುಕುವ ದೂರದಲ್ಲಿ ಇರಬೇಕೆಂಬುದೂ ಕಾಯ್ದೆಯ ಆಶಯ. ದೂರಸೇವೆ ಈ ಹೊಣೆಯನ್ನು ನೆರವೇರಿಸುವ ಸಾಧನವಾಗಬೇಕೇ ಹೊರತು ಅದರಿಂದ ನುಣುಚಿಕೊಳ್ಳುವ ನೆಪವಾಗಬಾರದು.

ಹೊರಗೆ ಉಳಿಯುವವರು ಯಾರು?

ಫೋನೇ ಇಲ್ಲದವರಿಗೆ ಫೋನ್ ಸೇವೆ ಎಷ್ಟೇ ಅಗ್ಗವಾದರೂ ಪ್ರಯೋಜನವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಫೋನ್ ಇದ್ದ ಮಹಿಳೆಯರು ಶೇ 54ರಷ್ಟು ಮಾತ್ರ. ಮಿಕ್ಕವರು ಗಂಡನ ಅಥವಾ ಮಗನ ಫೋನನ್ನು ಅವಲಂಬಿಸಬೇಕು. ಗಂಡನ ಕುಡಿತ, ಹೊಡೆತಗಳೇ ಖಿನ್ನತೆಗೆ ಕಾರಣವಾಗಿರುವ ಮಹಿಳೆ ಅದೇ ಗಂಡನ ಫೋನಿನಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಕುಳಿತು ಏನು ಹೇಳಿಕೊಂಡಾಳು? ಆಸ್ಪತ್ರೆಯ ಕೊಠಡಿಯಲ್ಲಿ ಬಾಗಿಲು ಮುಚ್ಚಿದರೆ ದೊರೆಯುವ ಏಕಾಂತಕ್ಕೂ ಒಂದು ಬೆಲೆಯಿದೆ.

ಉದ್ರೇಕಗೊಂಡ ರೋಗಿ, ಆತ್ಮಹತ್ಯೆಗೆ ಯತ್ನಿಸುತ್ತಿರುವ ವ್ಯಕ್ತಿ, ಊಟ ಬಿಟ್ಟು ಮೌನಕ್ಕೆ ಜಾರಿದವರು, ಇಂಥ ಸಂದರ್ಭಗಳಲ್ಲಿ ಹತ್ತಿರದಲ್ಲಿ ಹಾಸಿಗೆಯೂ ವೈದ್ಯರೂ ಇರಲೇಬೇಕು. 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ ಮಾಡಿದೆ. ಆ ಗಳಿಗೆಯಲ್ಲಿ ಒಂದು ಫೋನ್ ಕರೆ ಜೀವ ಉಳಿಸಬಹುದು. ಮರುದಿನ ಆ ವ್ಯಕ್ತಿಯನ್ನು ಕಂಡು ಮಾತನಾಡಿಸುವ ವ್ಯವಸ್ಥೆಯೂ ಊರಿನಲ್ಲಿರಬೇಕು.

ಲೆಕ್ಕದ ಕೊನೆಯ ಸಾಲು

ಇದುವರೆಗಿನ ಅನುಭವದಿಂದ ಒಂದು ಮಾತು ಖಚಿತವಾಗುತ್ತದೆ. ಸಾಧಾರಣ ಮಟ್ಟದ ಖಿನ್ನತೆ ಮತ್ತು ಆತಂಕಕ್ಕೆ, ಗುಣಮುಖವಾಗುತ್ತಿರುವ ರೋಗಿಗಳ ಮರುಭೇಟಿಗೆ, ಹಾಗೂ ಸ್ಥಳೀಯ ವೈದ್ಯರ ತರಬೇತಿಗೆ ದೂರಸೇವೆ ವೆಚ್ಚಕ್ಕೆ ತಕ್ಕ ಫಲ ನೀಡಬಲ್ಲದು. ಅದರ ಇನ್ನೊಂದು ತುದಿಯಲ್ಲಿ ಔಷಧವಿರುವ ಆರೋಗ್ಯ ಕೇಂದ್ರ, ರೋಗಿಯನ್ನು ಬಲ್ಲ ಆರೋಗ್ಯ ಕಾರ್ಯಕರ್ತೆ, ತುರ್ತಿಗೆ ಒದಗುವ ಜಿಲ್ಲಾ ಆಸ್ಪತ್ರೆ ಇರಬೇಕೆಂಬುದು ಷರತ್ತು. ಬಳ್ಳಾರಿ ಮಾದರಿಯಲ್ಲಿ ತರಬೇತಿ ಮತ್ತು ಔಷಧ ಎರಡನ್ನೂ ಒಟ್ಟಿಗೇ ಇಟ್ಟದ್ದು ಈ ಕಾರಣಕ್ಕಾಗಿಯೇ. ಇವನ್ನು ಕಡಿತಗೊಳಿಸಿ ಸಹಾಯವಾಣಿಯೊಂದನ್ನೇ ನೆಚ್ಚಿದರೆ ಸರ್ಕಾರದ ಪುಸ್ತಕದಲ್ಲಿ ಉಳಿತಾಯ ಕಾಣಬಹುದು. ಆ ಖರ್ಚು ಬಸ್ ಟಿಕೆಟ್ಟಿನ ರೂಪದಲ್ಲಿ, ಕೂಲಿ ನಷ್ಟದ ರೂಪದಲ್ಲಿ ಮತ್ತೆ ಕುಟುಂಬದ ಹೆಗಲಿಗೇ ಬೀಳುತ್ತದೆ.

ಆದ್ದರಿಂದ ಮುಂದಿನ ದಿನಗಳಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಕರೆ ಬಂದವು ಎಂಬುದಷ್ಟೇ ಅಲ್ಲ. ಕರೆ ಮಾಡಿದವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಚಿಕಿತ್ಸೆಯಲ್ಲಿದ್ದಾರೆ? ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಕಾಯಿಲೆಯ ಔಷಧ ತಪ್ಪದೆ ದೊರೆಯುತ್ತಿದೆ? ರೋಗಿಯ ಕುಟುಂಬ ತಿಂಗಳಿಗೆ ಮಾಡುವ ಖರ್ಚು ಎಷ್ಟು ಇಳಿದಿದೆ? ಈ ಮೂರು ಅಂಕಿಗಳನ್ನು ಪ್ರತಿ ವರ್ಷ ಪ್ರಕಟಿಸಿದರೆ, ಹೂಡಿದ ಹಣ ಸಾರ್ಥಕವಾಯಿತೇ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು.

ಮಾನಸಿಕ ಸಂಕಟದಲ್ಲಿರುವವರು ಅಥವಾ ಅವರ ಮನೆಯವರು ಟೆಲಿ-ಮಾನಸ್ ಸಹಾಯವಾಣಿಗೆ 14416 ಅಥವಾ 1800-891-4416 ಸಂಖ್ಯೆಯಲ್ಲಿ ಹಗಲು-ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.